ನೀಲಿಯಿಲ್ಲದ ಕಾಲದ ನೆನಪು: ಹಾಲಿವುಡ್‌ನ ಮೊದಲ ಸಂಗೀತ ಚಿತ್ರಗಳ ಬಣ್ಣ ಮತ್ತು ಹಳಹಳಿಕೆ

ಚಲನಚಿತ್ರದ ಚರಿತ್ರೆಯನ್ನು ಕುರಿತ ಸಾಮಾನ್ಯ ತಿಳಿವಳಿಕೆಯಲ್ಲಿ ಒಂದು ಸರಳವಾದ ಕ್ರಮವಿದೆ. ಮೊದಲು ಮೂಕಿ ಚಿತ್ರ, ಅನಂತರ ವಾಕ್ಚಿತ್ರ, ಬಹುಕಾಲದ ಮೇಲೆ ಬಣ್ಣದ ಚಿತ್ರ ಎಂಬುದೇ ಆ ಕ್ರಮ. ಹಾಲಿವುಡ್‌ನ ಮಟ್ಟಿಗೆ ಇದು ನಿಜವಲ್ಲ. 1915ರಲ್ಲಿ ಸ್ಥಾಪನೆಯಾದ ಟೆಕ್ನಿಕಲರ್ ಸಂಸ್ಥೆಯ ದ್ವಿವರ್ಣ ವಿಧಾನದಲ್ಲಿ ‘ದಿ ಟೋಲ್ ಆಫ್ ದಿ ಸೀ’ ಎಂಬ ಮೂಕಿ ಚಿತ್ರ 1922ರಲ್ಲಿಯೇ ತಯಾರಾಗಿತ್ತು. 1927ರಲ್ಲಿ ‘ದಿ ಜಾಝ್ ಸಿಂಗರ್’ ತೆರೆಕಂಡ ಎರಡು ವರ್ಷಗಳೊಳಗೆ, ಆದ್ಯಂತವಾಗಿ ಮಾತನ್ನೂ ಬಣ್ಣವನ್ನೂ ಪಡೆದ ಮೊದಲ ಕಥಾಚಿತ್ರವಾದ ‘ಆನ್ ವಿತ್ ದಿ ಷೋ’ ಬಂದಿತು. ಅದು ಸಂಗೀತ ಚಿತ್ರ. ಹಾಡು, ಕುಣಿತ ಮತ್ತು ಬಣ್ಣ ಹೀಗೆ ಕೈಹಿಡಿದುಕೊಂಡೇ ಪರದೆಗೆ ಬಂದವು. ಆ ಕಾಲವನ್ನು ಕುರಿತ ಹಳಹಳಿಕೆ ಇಂದಿಗೂ ಜೀವಂತವಾಗಿದೆ. ಆದರೆ ಈ ಹಳಹಳಿಕೆ ಹಂಬಲಿಸುವ ಬಣ್ಣವೂ ಆ ಕಾಲದಲ್ಲಿದ್ದ ಬಣ್ಣವೂ ಒಂದೇ ಅಲ್ಲ. ಇವೆರಡರ ನಡುವಣ ಅಂತರವೇ ವಿಮರ್ಶೆ ಗಮನಿಸಬೇಕಾದ ಸಂಗತಿ.

ಮೊದಲಿಗೆ ದ್ವಿವರ್ಣ ವಿಧಾನದ ಸ್ವರೂಪವನ್ನು ತಿಳಿಯಬೇಕು. ಕ್ಯಾಮರಾದ ಮಸೂರದ ಹಿಂದಿದ್ದ ಅಶ್ರಗವು ಬೆಳಕನ್ನು ಇಬ್ಭಾಗ ಮಾಡುತ್ತಿತ್ತು. ಒಂದು ಭಾಗ ಕೆಂಪು ಶೋಧಕದ ಮೂಲಕ, ಇನ್ನೊಂದು ಹಸಿರು ಶೋಧಕದ ಮೂಲಕ ಹಾಯ್ದು ಒಂದೇ ಕಪ್ಪು-ಬಿಳುಪು ಫಿಲ್ಮಿನ ಮೇಲೆ ಎರಡು ಬಿಂಬಗಳಾಗಿ ಮೂಡುತ್ತಿದ್ದವು. 1928ರಿಂದ ಬಳಕೆಗೆ ಬಂದ ಸುಧಾರಿತ ಕ್ರಮದಲ್ಲಿ ಈ ಬಿಂಬಗಳಿಂದ ಜೆಲಟಿನ್‌ನ ಉಬ್ಬಚ್ಚುಗಳನ್ನು ತಯಾರಿಸಿ, ಅವಕ್ಕೆ ವರ್ಣದ್ರವ ಹೀರಿಸಿ, ಬಟ್ಟೆಗೆ ಅಚ್ಚೊತ್ತುವಂತೆ ಒಂದರ ಮೇಲೊಂದರಂತೆ ಫಿಲ್ಮಿಗೆ ಒತ್ತಲಾಗುತ್ತಿತ್ತು. ಒಂದು ದ್ರವ ಕಿತ್ತಳೆಗೆಂಪು. ಇನ್ನೊಂದು ನೀಲಿ ಬೆರೆತ ಹಸಿರು. ಇವೆರಡರ ಬೆರಕೆಯಿಂದ ಬಿಳಿಯರ ಮೈಬಣ್ಣ, ಇಟ್ಟಿಗೆ, ಮರಮುಟ್ಟುಗಳು ಒಪ್ಪುವಂತೆ ಕಾಣುತ್ತಿದ್ದವು. ಅಚ್ಚ ನೀಲಿ, ನೇರಳೆ ಮತ್ತು ಶುದ್ಧ ಹಳದಿ ಮಾತ್ರ ಈ ವಿಧಾನಕ್ಕೆ ನಿಲುಕುತ್ತಿರಲಿಲ್ಲ.

ಈ ಮಿತಿಯ ಪರೀಕ್ಷೆ ನಡೆದದ್ದು ಯೂನಿವರ್ಸಲ್ ಸಂಸ್ಥೆ 1930ರಲ್ಲಿ ತಯಾರಿಸಿದ ‘ಕಿಂಗ್ ಆಫ್ ಜಾಝ್’ ಚಿತ್ರದಲ್ಲಿ. ಪಾಲ್ ವೈಟ್‌ಮನ್‌ನ ವಾದ್ಯವೃಂದವನ್ನು ಕೇಂದ್ರವಾಗುಳ್ಳ ಈ ಚಿತ್ರದ ಮುಖ್ಯ ಆಕರ್ಷಣೆ ಜಾರ್ಜ್ ಗರ್ಶ್‌ವಿನ್‌ನ ‘ರಾಪ್ಸಡಿ ಇನ್ ಬ್ಲೂ’. 1924ರಲ್ಲಿ ಅದನ್ನು ಮೊದಲು ನುಡಿಸಿದ್ದು ವೈಟ್‌ಮನ್‌ನ ವೃಂದವೇ. ಹೆಸರಿನಲ್ಲಿಯೇ ನೀಲಿಯಿರುವ ಕೃತಿಯನ್ನು ನೀಲಿಯನ್ನು ಕಾಣಲಾರದ ವಿಧಾನದಲ್ಲಿ ಚಿತ್ರಿಸಬೇಕಾಗಿತ್ತು. ನಿರ್ದೇಶಕ ಜಾನ್ ಮರ್ರೆ ಆಂಡರ್‌ಸನ್ ಮತ್ತು ಕಲಾ ವಿನ್ಯಾಸಕ ಹರ್ಮನ್ ರಾಸ್ಸೆ ಬೆಳ್ಳಿ ಮತ್ತು ಬೂದು ಛಾಯೆಗಳ ಮಧ್ಯೆ ಹಸಿರುಮಿಶ್ರಿತ ನೀಲಿಯನ್ನಿಟ್ಟು ಕಣ್ಣು ಅದನ್ನೇ ನೀಲಿಯೆಂದು ಒಪ್ಪುವಂತೆ ಮಾಡಿದರು. ಈ ಚಿತ್ರದ ಕಲಾ ನಿರ್ದೇಶನಕ್ಕಾಗಿ ರಾಸ್ಸೆಗೆ ಅಕಾಡೆಮಿ ಪ್ರಶಸ್ತಿ ದೊರೆಯಿತು. ಇಲ್ಲಿ ಕೊರತೆಯು ಮರೆಮಾಚಬೇಕಾದ ದೋಷವಾಗಿ ಉಳಿಯದೆ ಶೈಲಿಯ ಆಧಾರವಾಗಿದೆ.

ಈ ಸಂಭ್ರಮ ಬಹುಕಾಲ ಬಾಳಲಿಲ್ಲ. ಒಂದೇ ಬಗೆಯ ಸಂಗೀತ ಚಿತ್ರಗಳಿಂದ ಪ್ರೇಕ್ಷಕರು ಬೇಸತ್ತರು. ಆರ್ಥಿಕ ಮುಗ್ಗಟ್ಟು ನಿರ್ಮಾಪಕರ ಕೈ ಕಟ್ಟಿಹಾಕಿತು. ಚಿತ್ರಗಳ ಪ್ರತಿಗಳಿಗೂ ದುರ್ಗತಿ ಒದಗಿತು. ‘ಗೋಲ್ಡ್ ಡಿಗ್ಗರ್ಸ್ ಆಫ್ ಬ್ರಾಡ್‌ವೇ’ (1929) ಚಿತ್ರದ ಬಹುಭಾಗ ನಷ್ಟವಾಗಿದೆ. ‘ಆನ್ ವಿತ್ ದಿ ಷೋ’ ಪೂರ್ಣರೂಪದಲ್ಲಿ ಉಳಿದಿರುವುದು ಕಪ್ಪು-ಬಿಳುಪಿನಲ್ಲಿ. ಅತ್ಯುತ್ತಮ ಚಿತ್ರವೆಂಬ ಅಕಾಡೆಮಿ ಪ್ರಶಸ್ತಿ ಪಡೆದ ‘ದಿ ಬ್ರಾಡ್‌ವೇ ಮೆಲೊಡಿ’ಯಲ್ಲಿ (1929) ಬಣ್ಣದಲ್ಲಿದ್ದ ನೃತ್ಯಭಾಗವೂ ಈಗ ಬಣ್ಣ ಕಳೆದುಕೊಂಡೇ ದೊರೆಯುತ್ತದೆ. ಬಣ್ಣವಿದ್ದ ಒಂದು ಕಾಲ ಹೀಗೆ ಬಣ್ಣವಿಲ್ಲದ ಕಾಲವೆಂದು ತೋರತೊಡಗಿತು.

ಈ ತೆರವನ್ನು ತುಂಬಿದ್ದು ತ್ರಿವರ್ಣ ವಿಧಾನ. 1932ರಲ್ಲಿ ಡಿಸ್ನಿಯ ‘ಫ್ಲವರ್ಸ್ ಅಂಡ್ ಟ್ರೀಸ್’ ಎಂಬ ಕಿರುಚಿತ್ರದಲ್ಲಿ ಅದು ಕಾಣಿಸಿಕೊಂಡಿತು. 1935ರ ‘ಬೆಕಿ ಷಾರ್ಪ್’ ಈ ವಿಧಾನದಲ್ಲಿ ಪೂರ್ತಿಯಾಗಿ ತಯಾರಾದ ಮೊದಲ ಕಥಾಚಿತ್ರ. 1939ರ ‘ದಿ ವಿಝರ್ಡ್ ಆಫ್ ಆಝ್’ ಚಿತ್ರದಲ್ಲಿ ಕ್ಯಾನ್ಸಸ್‌ನ ಮನೆ ಮಾಸಲು ಕಂದು ಬಣ್ಣದ್ದು. ಆಝ್ ಲೋಕಕ್ಕೆ ಮಾತ್ರ ಬಣ್ಣಗಳ ವೈಭವ. ಎಲ್. ಫ್ರಾಂಕ್ ಬಾಮ್‌ನ 1900ರ ಮೂಲ ಕಥೆಯಲ್ಲಿ ಬೆಳ್ಳಿಯವಾಗಿದ್ದ ಪಾದರಕ್ಷೆಗಳು ಚಿತ್ರದಲ್ಲಿ ಮಾಣಿಕ್ಯದ ಕೆಂಪಿಗೆ ತಿರುಗಿದವು. ಕಥೆಯ ಬಾಲಕಿ ಹಂಬಲಿಸುವುದು ಬಣ್ಣವಿಲ್ಲದ ಮನೆಗಾಗಿ. ಪ್ರೇಕ್ಷಕರು ತಲೆಮಾರುಗಳಿಂದ ಹಂಬಲಿಸುತ್ತಿರುವುದು ಅವಳು ಬಿಟ್ಟುಬಂದ ಬಣ್ಣದ ಲೋಕಕ್ಕಾಗಿ. ಹಳಹಳಿಕೆಯ ದ್ವಂದ್ವ ಇಷ್ಟು ಸ್ಪಷ್ಟವಾಗಿ ಮೂಡಿರುವ ಜನಪ್ರಿಯ ಚಿತ್ರಗಳು ವಿರಳ.

ಗತವನ್ನು ಕುರಿತ ಹಳಹಳಿಕೆ ತನ್ನ ಪರಿಪೂರ್ಣ ರೂಪ ಪಡೆದದ್ದು 1952ರ ‘ಸಿಂಗಿನ್ ಇನ್ ದಿ ರೇನ್’ ಚಿತ್ರದಲ್ಲಿ. ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೋನನ್ ನಿರ್ದೇಶಿಸಿದ ಈ ಚಿತ್ರದ ಕಥೆ ನಡೆಯುವುದು ವಾಕ್ಚಿತ್ರದ ಹೊಸ್ತಿಲಲ್ಲಿ, 1927ರ ಸುಮಾರಿನಲ್ಲಿ. ಆದರೆ ಶೀರ್ಷಿಕೆಯ ಹಾಡು ಹಳೆಯದು. ‘ದಿ ಹಾಲಿವುಡ್ ರೆವ್ಯೂ ಆಫ್ 1929’ ಚಿತ್ರದ ಕೊನೆಯಲ್ಲಿ ತಾರೆಯರೆಲ್ಲ ಸೇರಿ ಅದನ್ನು ದ್ವಿವರ್ಣದಲ್ಲಿ ಹಾಡಿದ್ದರು. 1952ರ ಚಿತ್ರದ ಆರಂಭದಲ್ಲಿ ಮೂವರು ನಟರು ಉಜ್ವಲ ಹಳದಿಯ ಮಳೆಯಂಗಿ ತೊಟ್ಟು ಬರುತ್ತಾರೆ. ಆ ಹಳದಿ 1929ರ ಟೆಕ್ನಿಕಲರ್‌ನಲ್ಲಿ ಮೂಡಲು ಸಾಧ್ಯವೇ ಇರಲಿಲ್ಲ. ಇಲ್ಲಿ ನೆನಪು ಗತವನ್ನು ಹಿಂದಕ್ಕೆ ತರುತ್ತಿಲ್ಲ. ಗತಕ್ಕೆ ಇಲ್ಲದಿದ್ದುದನ್ನು ಕೊಡುತ್ತಿದೆ. ಚಿತ್ರದ ಕಲಾತ್ಮಕ ಯಶಸ್ಸನ್ನು ಇದು ಕುಗ್ಗಿಸುವುದಿಲ್ಲ. ಆದರೆ ಮೂಲವನ್ನು ಕಂಡಿರದ ಪ್ರೇಕ್ಷಕರಿಗೆ ನೆನಪೇ ಮೂಲವಾಗಿಬಿಡುವ ಅಪಾಯವನ್ನು ಮರೆಯುವಂತಿಲ್ಲ.

ಈ ಅಪಾಯ ಬಣ್ಣಕ್ಕಷ್ಟೇ ಸೀಮಿತವಲ್ಲ. ‘ಕಿಂಗ್ ಆಫ್ ಜಾಝ್’ ಚಿತ್ರವು ‘ರಾಪ್ಸಡಿ’ಗೆ ಪೀಠಿಕೆಯಾಗಿ ಜಾಝ್ ಹುಟ್ಟಿದ್ದು ಆಫ್ರಿಕಾದ ಕಾಡಿನ ಡೋಲಿನ ಬಡಿತಕ್ಕೆ ಎನ್ನುತ್ತದೆ. ಆದರೆ ನಾನಾ ದೇಶಗಳ ಸಂಗೀತ ಒಂದೇ ಕಡಾಯಿಯಲ್ಲಿ ಕರಗಿ ಜಾಝ್ ಆಗುವುದನ್ನು ತೋರಿಸುವ ಅಂತಿಮ ದೃಶ್ಯದಲ್ಲಿ ಯುರೋಪಿನ ಜನಾಂಗಗಳು ಸಾಲುಗಟ್ಟಿ ಬರುತ್ತವೆ. ಆ ಸಂಗೀತವನ್ನು ಸೃಷ್ಟಿಸಿದ ಕಪ್ಪು ಅಮೆರಿಕನ್ನರು ಅಲ್ಲಿಲ್ಲ. ನೀಲಿಯ ಗೈರುಹಾಜರಿಗೆ ತಾಂತ್ರಿಕ ಕಾರಣವಿತ್ತು. ಈ ಗೈರುಹಾಜರಿಗೆ ಅಂತಹ ಯಾವ ಕಾರಣವೂ ಇರಲಿಲ್ಲ. ಬಣ್ಣಗಳ ಸೊಗಸಿಗೆ ಮಾರುಹೋಗುವ ಹಳಹಳಿಕೆ ಮೊದಲನೆಯ ಕೊರತೆಯನ್ನು ತುಂಬಿ, ಎರಡನೆಯದನ್ನು ಕಾಣದೆ ಹೋಗುತ್ತದೆ.

ಇತ್ತೀಚಿನ ಎರಡು ನಿದರ್ಶನಗಳು ಬೇರೊಂದು ಮಾರ್ಗವನ್ನು ಸೂಚಿಸುತ್ತವೆ. ಮಾರ್ಟಿನ್ ಸ್ಕಾರ್ಸೆಸೆಯ ‘ದಿ ಏವಿಯೇಟರ್’ (2004) ತನ್ನ ಮೊದಲ ಭಾಗದಲ್ಲಿ ದ್ವಿವರ್ಣದ ನೋಟವನ್ನು ಡಿಜಿಟಲ್ ತಂತ್ರದಿಂದ ಮರುಸೃಷ್ಟಿಸಿತು. ಅಲ್ಲಿ ಹುಲ್ಲೂ ನೀಲಿಯತ್ತ ವಾಲುತ್ತದೆ. ಕೊರತೆಯನ್ನೇ ಕಾಲದ ಗುರುತಾಗಿ ಉಳಿಸಿಕೊಂಡ ಪ್ರಯೋಗವಿದು. 2016ರಲ್ಲಿ ‘ಕಿಂಗ್ ಆಫ್ ಜಾಝ್’ ಪುನರುದ್ಧಾರಗೊಂಡಾಗ ಚಿತ್ರಕ್ಕೆ ಮರಳಿ ಬಂದದ್ದು ಅದೇ ಹಸಿರುಮಿಶ್ರಿತ ನೀಲಿ. ಇಂದಿನ ಸಾಧನಗಳಿಂದ ಅಚ್ಚ ನೀಲಿಯನ್ನು ತುಂಬುವುದು ಕಷ್ಟವಲ್ಲ. ತುಂಬಿದ್ದರೆ ರಾಸ್ಸೆಯ ಜಾಣ್ಮೆಯೇ ಅಳಿಸಿಹೋಗುತ್ತಿತ್ತು.

ಹಳಹಳಿಕೆಯನ್ನು ತಿರಸ್ಕರಿಸುವುದು ವಿಮರ್ಶೆಯ ಕೆಲಸವಲ್ಲ. ಹಳೆಯ ಚಿತ್ರಗಳನ್ನು ಹುಡುಕಿ ಉಳಿಸಿದ ಶ್ರಮದ ಹಿಂದೆ ಅಂತಹ ಹಂಬಲವೂ ಇದೆ. ಆದರೆ ಆ ಹಂಬಲ ಚರಿತ್ರೆಯ ಸ್ಥಾನವನ್ನು ಆಕ್ರಮಿಸದಂತೆ ನೋಡಿಕೊಳ್ಳುವುದು ಅಗತ್ಯ. ಒಂದು ಕಾಲ ಏನನ್ನು ಕಾಣಲಾರದೆ ಹೋಯಿತು, ಏನನ್ನು ಕಾಣಲು ಒಲ್ಲದೆ ಹೋಯಿತು ಎಂಬ ಎರಡನ್ನೂ ಬೇರ್ಪಡಿಸಿ ನೋಡಿದಾಗ ಮಾತ್ರ ಈ ಚಿತ್ರಗಳ ಬಣ್ಣ ತನ್ನ ನಿಜಸ್ವರೂಪದಲ್ಲಿ ಗೋಚರಿಸುತ್ತದೆ.