ಗೂಟದ ಹಲಗೆ

ಅಂಗಿ, ಕೊಡೆ ತೂಗುಹಾಕಲು ಗೂಟಗಳು, ಮೇಲೆ ಟೊಪ್ಪಿ, ಬೀಗದ ಕೈ ಇಡಲು ಅಡ್ಡಹಲಗೆ. ದಿನಾ ಮುಟ್ಟುತ್ತೇವೆ, ನೋಡುವುದೇ ಇಲ್ಲ. ಹಲಸಿನ ಮರದಲ್ಲಿ ಒಳ್ಳೆಯ ಬಡಗಿ ಮಾಡಿದ್ದನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಗೂಟದ ತುದಿ ತುಸುವೇ ಮೇಲಕ್ಕೆ ಮುಖ ಮಾಡಿರುತ್ತದೆ. ತೂತು ಕೊರೆಯುವಾಗಲೇ ಬೈರಿಗೆಯನ್ನು ಓರೆ ಹಿಡಿದದ್ದರ ಫಲ ಅದು. ನೀರು ಸೋರುವ ರೇನ್‌ಕೋಟೂ ಜಾರದು. ಹಲಗೆ ತಿರುಗಿಸಿದರೆ ಇನ್ನೊಂದು ಬೆರಗು. ಅಲ್ಲಿ ಮೊಳೆಯಿಲ್ಲ! ಹಿಂದಕ್ಕೆ ತೂರಿಬಂದ ಗೂಟದ ಬಾಲವನ್ನು ಸೀಳಿ ಬೆಣೆ ಹೊಡೆದಿದ್ದಾರೆ. ಆ ಸೀಳು ಹಲಗೆಯ ಎಳೆಗೆ ಅಡ್ಡಲಾಗಿಯೇ ಇರಬೇಕು. ಎಳೆಯ ಗುಂಟ ಇದ್ದರೆ ಬೆಣೆಯ ಒತ್ತಡಕ್ಕೆ ಹಲಗೆಯೇ ಬಿರಿದೀತು. ಇಷ್ಟೆಲ್ಲ ಎಚ್ಚರ ಗೋಡೆಗೆ ಮುಖ ಮಾಡುವ ಕಡೆಯಲ್ಲಿ.

ಅಡ್ಡಹಲಗೆ ಉದ್ದನೆಯ ಕಚ್ಚಿನೊಳಗೆ ಕೂತಿದೆ. ಕೊಡತಿಯ ಮೆಲುಪೆಟ್ಟಿಗೆ ಒಳಸೇರಿದ್ದು ಮತ್ತೆ ಅಲುಗಿಲ್ಲ.

ಪೇಂಟ್ ಬಳಿಯದೆ ಎಣ್ಣೆ ಮಾತ್ರ ಉಜ್ಜಿದ್ದರೆ ನನಗೆ ಇನ್ನೂ ಇಷ್ಟ. ಕೊಯ್ದಾಗ ಅರಿಶಿನದಂತಿದ್ದ ಹಲಸು ವರ್ಷಗಳು ಕಳೆದಂತೆ ಕೆಂಗಂದಾಗುತ್ತದೆ. ಗೂಟದ ತಲೆಯನ್ನು ಗುಂಡಗೆ ಉಜ್ಜಿರುವುದು ಬರೀ ಅಂದಕ್ಕಲ್ಲ, ಅಂಗಿಯ ಕೊರಳಪಟ್ಟಿಯಲ್ಲಿ ಮೊನೆ ಮೂಡಬಾರದೆಂದು. ಮರ ಕೆತ್ತುತ್ತಲೇ ಬಟ್ಟೆಯನ್ನೂ ನೆನೆದ ಆ ಬಡಗಿಯ ಬಗ್ಗೆ ನನಗೆ ಅಪಾರ ಗೌರವ.