ಚಕಮಕಿ ಕೋವಿಯನ್ನು ನೋಡುವ ಬಗೆ

ಮೈಸೂರಿನ ಕೋವಿಗಳ ಕಥೆಯನ್ನು ದಿಂಡಿಗಲ್ಲಿನಿಂದ ಶುರುಮಾಡುವುದೇ ಸರಿ. 1755ರಲ್ಲಿ ಅಲ್ಲಿಗೆ ಫೌಜುದಾರನಾಗಿ ಹೋದ ಹೈದರಾಲಿ, ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಆಯುಧಗಳ ಕಾರ್ಖಾನೆ ಹೂಡಿದ. ಮಗ ಟಿಪ್ಪುವಿನ ಕಾಲಕ್ಕೆ ಶ್ರೀರಂಗಪಟ್ಟಣದಲ್ಲಿ ಯುರೋಪಿನವಕ್ಕೆ ಸಾಟಿಯಾದ ಚಕಮಕಿ ಕೋವಿಗಳು ತಯಾರಾದವು. ಇವು ಈಗ ಮ್ಯೂಸಿಯಮ್ಮುಗಳಲ್ಲಿವೆ. ಹೊಸಬರ ಕಣ್ಣು ಮೊದಲು ಬೆಳ್ಳಿ ಬಂಗಾರದ ಕುಸುರಿಗೆ ಹೋಗುತ್ತದೆ. ಅದನ್ನು ಕೊನೆಗಿಟ್ಟುಕೊಳ್ಳಿ.

ಮೊದಲು ಕುದುರೆ

ಕೋವಿಯ ಬಲಮಗ್ಗುಲಲ್ಲಿ ಕುದುರೆ, ಅಂದರೆ ಟ್ರಿಗರ್ ಎಳೆದಾಗ ಮುಂದಕ್ಕೆ ಬಡಿಯುವ ಕೊಕ್ಕೆ. ಅದರ ದವಡೆಯಲ್ಲಿ ತೊಗಲು ಸುತ್ತಿ ಬಿಗಿದ ಚಕಮಕಿ ಕಲ್ಲು. ಎದುರಿಗೆ ಉಕ್ಕಿನ ಫಲಕ, ಅದರಡಿ ರಂಜಕದ, ಅಂದರೆ ಮೊದಲು ಕಿಡಿ ಹತ್ತುವ ಮದ್ದಿನ, ಬಟ್ಟಲು. ಟ್ರಿಗರ್ ಎಳೆದರೆ ಕಲ್ಲು ಫಲಕವನ್ನು ಕೆರೆಯುತ್ತದೆ, ಫಲಕ ಮುಂದಕ್ಕೆ ಮಗುಚಿ ಬಟ್ಟಲು ತೆರೆಯುತ್ತದೆ, ಕಿಡಿ ರಂಜಕಕ್ಕೆ ಬೀಳುತ್ತದೆ, ಉರಿ ನಳಿಗೆಯ ಪಕ್ಕದ ‘ಕಿವಿ’ ಎಂಬ ತೂತಿನಿಂದ ನಳಿಗೆಯೊಳಗಿನ ಮದ್ದಿಗೆ ದಾಟುತ್ತದೆ. ಉರಿಯುವುದು ಕಲ್ಲು ಕೆತ್ತಿ ತೆಗೆದ ಉಕ್ಕಿನ ಚೂರು. ಹಾಗಾಗಿ ಫಲಕದ ಮೈ ಗಡುಸಾಗಿರಬೇಕು. ಮೆತ್ತಗಾದರೆ ಕಿಡಿ ಹಾರದು.

ಫಲಕದ ಮೇಲೆ ಉದ್ದುದ್ದ ಗೀರುಗಳಿವೆಯೇ, ಕಿವಿಯ ಅಂಚು ಸವೆದಿದೆಯೇ ನೋಡಿ. ಇದ್ದರೆ ಆ ಕೋವಿ ದುಡಿದಿದೆ. ಇಲ್ಲದಿದ್ದರೆ ಬರೀ ಗೋಡೆಯ ಮೇಲಿದ್ದಿರಬೇಕು, ಇಲ್ಲವೇ ಆ ಭಾಗ ಆಮೇಲೆ ಬದಲಾಗಿರಬೇಕು.

ಕುದುರೆಯನ್ನು ಆಡಿಸಲು ಒಳಗಿರುವುದೆಲ್ಲ ಅರ ಹಾಕಿ ಕೂಡಿಸಿದ ಸ್ಪ್ರಿಂಗು, ಸನ್ನೆ, ಕಚ್ಚು. 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ದಿಂಡಿಗಲ್ ಬೀಗವೂ ಇಂಥದೇ ಕೈಕೆಲಸ. ಆ ಕಡೆ ಹೋದವರು ದಿಂಡಿಗಲ್ಲಿನಲ್ಲಿಳಿದು ಒಂದು ಬೀಗ ಬಿಚ್ಚಿಸಿ ನೋಡಿದರೆ ಅರ್ಧ ಪಾಠ ಮುಗಿದಂತೆ.

ಗುರುತುಗಳು

ಟಿಪ್ಪುವಿನ ಕೋವಿಗಳಲ್ಲಿ ಹುಲಿಯನ್ನು ಹುಡುಕಿ: ಕುದುರೆಯಲ್ಲಿ, ನಳಿಗೆಯ ಬಾಯಲ್ಲಿ, ಪಟ್ಟೆಗಳ ಚಿತ್ತಾರದಲ್ಲಿ. ನಳಿಗೆಯ ಮೇಲೆ ಹೈದರನ ಹೆಸರಿನ ಮುದ್ರೆ ಇರುತ್ತದೆ. ಇಸವಿ ಟಿಪ್ಪುವೇ ಜಾರಿಗೆ ತಂದ ಮೌಲೂದಿ ಶಕೆಯದು. ಅಂಕಿಗಳು ಬಲದಿಂದ ಎಡಕ್ಕೆ. 4221 ಎಂದು ಕಂಡರೆ 1224 ಎಂದು ಓದಿಕೊಳ್ಳಿ. ರಾಬಿನ್ ವಿಗಿಂಗ್ಟನ್ ಈ ಕೋವಿಗಳ ಮೇಲೆಯೇ 1992ರಲ್ಲಿ ಒಂದು ಪುಸ್ತಕ ತಂದರು.

ಮೈಸೂರಿನ ಕೋವಿಯ ಜೊತೆಗಿಟ್ಟು ನೋಡಿದರೆ ಅಮೆರಿಕದ ಉದ್ದ ಕೋವಿಯದು ಬೇರೆ ಚೆಲುವು. ಆದರೆ ಮೈಸೂರಿನ ನಂಟು ಅಲ್ಲಿಗೂ ಇದೆ. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಇಳಿಸಿದ ಹಡಗೊಂದಕ್ಕೆ ಹೈದರಾಲಿಯ ಹೆಸರಿಟ್ಟಿದ್ದರು. ಅದೇ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆಯಲ್ಲಿ ಜರ್ಮನ್ ಮೂಲದ ಕಸುಬುದಾರರು ಈ ಕೋವಿಗಳನ್ನು ಮಾಡುತ್ತಿದ್ದರು: ಅಲೆಅಲೆಯಾದ ಎಳೆಯ ಮೇಪಲ್ ಮರ, ಒಳಗೆ ಸುರುಳಿ ಗೆರೆ ಕೊರೆದ ನೀಳ ನಳಿಗೆ, ಹಿಡಿಯ ಪಕ್ಕದಲ್ಲಿ ಹಿತ್ತಾಳೆ ಮುಚ್ಚಳದ ಪುಟ್ಟ ಗೂಡು. ಆ ಕಾಲದ ಸಲಕರಣೆಗಳಿಂದಲೇ ಇಡೀ ಕೋವಿ ಮಾಡುವ ಬಗೆಯನ್ನು ವಿಲಿಯಮ್ಸ್‌ಬರ್ಗಿನ ಕೋವಿ ಕಸುಬುದಾರ ವಾಲೇಸ್ ಗಸ್ಲರ್ 1960ರ ದಶಕದಲ್ಲಿ ಮತ್ತೆ ಕಟ್ಟಿ ತೋರಿಸಿದರು.

ರಿಪೇರಿಯ ಜಾಡು

19ನೇ ಶತಮಾನದಲ್ಲಿ ಬಡಿದರೆ ಸಿಡಿಯುವ ಕೇಪು ಬಂದಮೇಲೆ ಸಾವಿರಾರು ಚಕಮಕಿ ಕೋವಿಗಳು ಕೇಪಿನ ಕೋವಿಗಳಾದವು. ಬಟ್ಟಲು ಕತ್ತರಿಸಿದ ಗುರುತು, ಮುಚ್ಚಿದ ತಿರುಪಿನ ತೂತು ಅದನ್ನು ಹೇಳುತ್ತವೆ. ಅಂಥ ಕೋವಿಯನ್ನು ಮತ್ತೆ ಚಕಮಕಿಗೆ ತಿರುಗಿಸಬೇಕೇ, ಬದಲಾವಣೆಯನ್ನೂ ಇತಿಹಾಸವೆಂದು ಉಳಿಸಬೇಕೇ ಎಂಬ ಜಗಳ ಜೀರ್ಣೋದ್ಧಾರಕರಲ್ಲಿ ಮುಗಿದಿಲ್ಲ. ಒಂದು ಮಾತನ್ನು ಮಾತ್ರ ಬಲ್ಲವರೆಲ್ಲ ಒಪ್ಪುತ್ತಾರೆ: ಮರಳುಕಾಗದ ಬೇಡ. ನಳಿಗೆಯ ಕಂದುಬಣ್ಣ ಉಜ್ಜಿದರೆ ಮುದ್ರೆಯೂ ಹೋಗುತ್ತದೆ. ಮರ ಕೆರೆದರೆ ಕೆತ್ತನೆಯ ಅಂಚು ಮೊಂಡಾಗುತ್ತದೆ. ಹಳೆಯದರಂತೆ ಹೊಸದಾಗಿ ಮಾಡಿದ ಪ್ರತಿಕೃತಿಗಳೂ ಇವೆ. ಒಳ್ಳೆಯ ಪ್ರತಿಕೃತಿ ಪ್ರತಿಕೃತಿಯೆಂದೇ ಹೇಳಿಕೊಳ್ಳುತ್ತದೆ. ತಯಾರಕನ ಹೆಸರು, ಇಸವಿ ಅದರ ಮೇಲಿರುತ್ತವೆ.

ನಮ್ಮಲ್ಲಿ ಗುಂಡು ಹಾರಿಸಬಲ್ಲ ಪ್ರತಿಕೃತಿಯೂ ಬಂದೂಕೇ. ಮಾಡಲು, ಇಟ್ಟುಕೊಳ್ಳಲು ಸಾಮಾನ್ಯವಾಗಿ ಪರವಾನಗಿ ಬೇಕು. ದುರಸ್ತಿ ಮಾಡಿದರೂ ಹಾರದಂಥ ಹಳೆಯ ಮಾದರಿಗೆ 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿಯಿದೆ.

ಅಟ್ಟದ ಮೇಲೆ ಅಜ್ಜನ ಕಾಲದ ಕೋವಿ ಸಿಕ್ಕರೆ ಕುದುರೆ ಎಳೆಯಬೇಡಿ. ತಲೆಮಾರುಗಳ ಹಿಂದೆ ತುಂಬಿದ ಮದ್ದು ಇನ್ನೂ ಒಳಗಿರಬಹುದು. ಹೊಳಪು ಕೊಡಿಸಲೂ ಬೇಡಿ. ಇದ್ದಂತೆಯೇ ಫೋಟೊ ತೆಗೆದು, ಬಲ್ಲವರಿಗೆ ತೋರಿಸಿ.