ಹನ್ನೆರಡನೆಯ ಅಧ್ಯಾಯದ ಹಿಂದಿನ ಹಡಗು

ಅಂತಾರಾಷ್ಟ್ರೀಯ ಕಾನೂನಿನ ಪಾಠಗಳಲ್ಲಿ ಹ್ಯೂಗೋ ಗ್ರೋಷಿಯಸ್‌ನ 'ಮಾರೆ ಲಿಬರಂ' ಸ್ವಾತಂತ್ರ್ಯದ ಘೋಷಣೆಯಂತೆ ಬರುತ್ತದೆ: ಸಮುದ್ರ ಯಾರೊಬ್ಬರ ಸ್ವತ್ತೂ ಅಲ್ಲ. ಬಿಡಿಯಾಗಿ ಓದಿದರೆ ಮೆಚ್ಚದಿರುವುದು ಕಷ್ಟ. ಆದರೆ 1609ರಲ್ಲಿ ಲೇಖಕನ ಹೆಸರಿಲ್ಲದೆ ಬಂದ ಈ ಪುಸ್ತಕ ಬಿಡಿ ಕೃತಿಯೇ ಅಲ್ಲ. ಗ್ರೋಷಿಯಸ್ ಬರೆದು ಅಚ್ಚಿಗೆ ಕೊಡದೆ ಇಟ್ಟುಕೊಂಡಿದ್ದ ದೊಡ್ಡ ಗ್ರಂಥವೊಂದರ ಹನ್ನೆರಡನೆಯ ಅಧ್ಯಾಯ. 1864ರಲ್ಲಿ ಮನೆತನದ ಕಾಗದಪತ್ರಗಳು ಹರಾಜಿಗೆ ಬಂದಾಗ ಅದರ ಹಸ್ತಪ್ರತಿ ಸಿಕ್ಕಿತು, 1868ರಲ್ಲಿ ಅಚ್ಚಾಯಿತು. ಹೆಸರು 'ದೆ ಯೂರೆ ಪ್ರೇಡೇ', ಎಂದರೆ ಕೊಳ್ಳೆಯ ಹಕ್ಕನ್ನು ಕುರಿತು.

ಆ ಕೊಳ್ಳೆ ಸಾಂತಾ ಕಾತರೀನಾ ಎಂಬ ಪೋರ್ಚುಗೀಸ್ ಹಡಗಿನದು. 1603ರ ಫೆಬ್ರವರಿ 25ರಂದು, ಮಕಾವ್‌ನಿಂದ ಮಲಕ್ಕಾಕ್ಕೆ ಹೊರಟಿದ್ದ ಅದನ್ನು ಸಿಂಗಪುರದ ಬಳಿ ಡಚ್ ನಾಯಕ ಯಾಕೊಬ್ ವಾನ್ ಹೀಮ್ಸ್‌ಕೆರ್ಕ್ ಹಿಡಿದ. ಒಳಗಿದ್ದದ್ದು ಚೀನಾದ ಕಚ್ಚಾ ರೇಷ್ಮೆ, ಪಿಂಗಾಣಿ, ಕಸ್ತೂರಿ. ಸರಕು ಆಮ್ಸ್ಟರ್‌ಡಾಮ್‌ನಲ್ಲಿ 30 ಲಕ್ಷ ಗಿಲ್ಡರಿಗೂ ಹೆಚ್ಚಿಗೆ ಮಾರಾಟವಾಯಿತು. ಹೀಮ್ಸ್‌ಕೆರ್ಕ್ ವರ್ತಕರ ಕಂಪನಿಯ ಆಳು. ಆತ್ಮರಕ್ಷಣೆ, ನಷ್ಟಪರಿಹಾರ ಬಿಟ್ಟರೆ ಬಲಪ್ರಯೋಗಕ್ಕೆ ಅವನಿಗೆ ಅಪ್ಪಣೆ ಇರಲಿಲ್ಲ. ಆದರೂ 1604ರ ಸೆಪ್ಟೆಂಬರಿನಲ್ಲಿ ನೌಕಾ ನ್ಯಾಯಾಲಯ ಕೊಳ್ಳೆಯನ್ನು ಸಕ್ರಮವೆಂದಿತು. ಕಂಪನಿಯ ಪಾಲುದಾರರಾದ ಕೆಲವು ಮೆನೊನೈಟರಿಗೆ ಆ ಹಣ ಪಾಪದ್ದೆನಿಸಿತ್ತು. ಇಪ್ಪತ್ತೊಂದರ ಗ್ರೋಷಿಯಸ್ ಸಮರ್ಥನೆ ಬರೆಯಲು ಕುಳಿತ.

ಗ್ರಂಥದ ರಚನೆಯನ್ನು ನೋಡಬೇಕು. ಒಂಬತ್ತು ನಿಯಮ, ಹದಿಮೂರು ಕಾನೂನುಗಳನ್ನು ಮೊದಲೇ ಸ್ಥಾಪಿಸಿ, ಅವುಗಳಿಂದ ಒಂದೊಂದೇ ಮೆಟ್ಟಿಲಿಳಿದು ಹಡಗಿನ ಬಳಿ ಬರುತ್ತಾನೆ. ತತ್ವದಿಂದ ತೀರ್ಪಿಗೆ ಬಂದಂತೆ ಕಾಣುತ್ತದೆ. ಆದರೆ ತೀರ್ಪು ಆಗಲೇ ಆಗಿತ್ತು, ರೇಷ್ಮೆ ಮಾರಿಹೋಗಿತ್ತು. ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಿದವನು ಮೇಲಿನಿಂದ ಇಳಿದು ತೋರಿಸುತ್ತಿದ್ದಾನೆ.

ನನಗೆ ಮುಖ್ಯವೆನಿಸುವುದು 'ಖಾಸಗಿ' ಎಂಬ ಪದದ ಎರಡು ತೂಕಗಳು. ನ್ಯಾಯಾಲಯವೇ ಇಲ್ಲದ ಕಡಲಿನಲ್ಲಿ ಖಾಸಗಿ ವ್ಯಕ್ತಿಯೂ ಅನ್ಯಾಯವನ್ನು ದಂಡಿಸಬಹುದು ಎನ್ನುತ್ತಾನೆ ಗ್ರೋಷಿಯಸ್. ಹಾಗಾಗಿ ಕಂಪನಿಗೆ ಯುದ್ಧದ ಹಕ್ಕು. ಖರ್ಚು, ಅಪಾಯ ಎರಡನ್ನೂ ಹೊತ್ತದ್ದು ಕಂಪನಿಯಾದ್ದರಿಂದ ಕೊಳ್ಳೆಯ ಒಡೆತನವೂ ಅದರದೇ, ಹಡಗು ಹತ್ತಿ ಹೋರಾಡಿದ ನಾವಿಕರದಲ್ಲ, ಅವರಿಗೆ ಒಪ್ಪಂದದಲ್ಲಿದ್ದಷ್ಟೇ. ಸರಿ, ಹಡಗಿನಲ್ಲಿದ್ದ ಸರಕಿನ ಒಡೆಯರು? ಅವರೂ ಖಾಸಗಿ ವರ್ತಕರೇ. ಮಕಾವ್‌ನಲ್ಲಿ ಡಚ್ ನಾವಿಕರನ್ನು ಗಲ್ಲಿಗೇರಿಸಿದವರು ಅವರಲ್ಲ. ಆದರೆ ಇಲ್ಲಿ ಗ್ರೋಷಿಯಸ್ ದೊರೆಯ ತಪ್ಪಿಗೆ ಪ್ರಜೆಯ ಸ್ವತ್ತೂ ಹೊಣೆ ಎಂದುಬಿಡುತ್ತಾನೆ. ಗೆದ್ದ ವರ್ತಕ ಪ್ರಭುತ್ವದಷ್ಟು ದೊಡ್ಡವನಾಗುತ್ತಾನೆ, ಸೋತ ವರ್ತಕ ಪ್ರಭುತ್ವದ ಸಾಲಕ್ಕೆ ಜಾಮೀನಾಗುತ್ತಾನೆ. ಇಷ್ಟು ಬುದ್ಧಿವಂತ ಲೇಖಕ ಈ ಓರೆಯನ್ನು ಕಾಣಲಿಲ್ಲವೆಂದು ನಂಬುವುದು ಕಷ್ಟ.

ಹನ್ನೆರಡನೆಯ ಅಧ್ಯಾಯಕ್ಕೆ ಅದರದೇ ಬೆಲೆ ಇಲ್ಲವೆಂದಲ್ಲ. ಪೋಪನ ದಾನಪತ್ರದಿಂದ ಪೂರ್ವದ ನಾಡುಗಳು ಪೋರ್ಚುಗೀಸರದಾಗುವುದಿಲ್ಲ, ಅವುಗಳಿಗೆ ಅವುಗಳದೇ ದೊರೆಗಳೂ ಕಾನೂನುಗಳೂ ಇವೆ ಎಂಬ ಪುಟಗಳು ಇವತ್ತಿಗೂ ಗಟ್ಟಿ. ಕೆನರಾ ಕರಾವಳಿಯ ವರ್ತಕರೂ ಪೋರ್ಚುಗೀಸರ ರಹದಾರಿ ಪಡೆದು ಹಡಗು ಬಿಡಬೇಕಾಗಿದ್ದ ಕಾಲದಲ್ಲಿ ಈ ಮಾತು ಸಣ್ಣದಲ್ಲ. ಆದರೆ ಮುಂದಿನ ಅಧ್ಯಾಯದಲ್ಲೇ ಜೋಹೋರಿನ ಅರಸ ಡಚ್ಚರ ದಾಳಿಗೆ ಸಾರ್ವಜನಿಕ ಯುದ್ಧದ ಮುದ್ರೆ ಒತ್ತುವ ಮಿತ್ರನಾಗಿ ಬರುತ್ತಾನೆ. ಅವನ ಸಾರ್ವಭೌಮತ್ವ ವಾದಕ್ಕೆ ಬೇಕಾದಷ್ಟೇ.

1613ರಲ್ಲಿ ಗ್ರೋಷಿಯಸ್ ಡಚ್ಚರ ಪರವಾಗಿ ಲಂಡನ್ನಿಗೆ ಹೋದ. ಮಲುಕು ದ್ವೀಪಗಳ ಸಾಂಬಾರ ವ್ಯಾಪಾರ ತಮಗೂ ಮುಕ್ತವಾಗಿರಬೇಕೆಂದ ಇಂಗ್ಲಿಷರು 'ಮಾರೆ ಲಿಬರಂ'ನ ವಾದವನ್ನೇ ಅವನ ಮುಂದಿಟ್ಟರು. ದ್ವೀಪದವರು ನಮ್ಮೊಡನೆ ಕರಾರು ಮಾಡಿಕೊಂಡಿದ್ದಾರೆ ಎಂಬುದು ಅವನ ಉತ್ತರವಾಗಿತ್ತು.